ಏರದ ಬಾಡಿಗೆ: ಬಡವರ ಸೂರು ಮತ್ತು ಬೆಳವಣಿಗೆಯ ಮಿತಿ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ನೂರು ವರ್ಷ ತುಂಬಿದ ಈ ದೇವಾಲಯದ ಸನ್ನಿಧಿಯಲ್ಲಿ ನಾಲ್ಕು ಮಾತುಗಳನ್ನಾಡುವ ಅವಕಾಶವನ್ನು ಒದಗಿಸಿಕೊಟ್ಟ ಶತಮಾನೋತ್ಸವ ಸಮಿತಿಯವರಿಗೆ ನಾನು ಕೃತಜ್ಞನಾಗಿದ್ದೇನೆ. ಈ ನೂರು ವರ್ಷಗಳಲ್ಲಿ ಇಲ್ಲಿ ದುಡಿದ ಗುರುಗಳ, ಕನ್ಯಾಸ್ತ್ರೀಯರ, ಉಪದೇಶಿಗಳ ಸೇವೆಯನ್ನು ನನಗಿಂತ ಮುಂಚೆ ಮಾತನಾಡಿದ ಹಿರಿಯರು ಯಥೋಚಿತವಾಗಿ ಸ್ಮರಿಸಿದ್ದಾರೆ. ನನಗೆ ವಹಿಸಿಕೊಟ್ಟಿರುವ ವಿಷಯ ಸ್ವಲ್ಪ ಒರಟಾದುದು. ಬಡವರಿಗೆ ಸೂರು ಒದಗಿಸುವುದು ಹೇಗೆ, ನಾವು ಅಭಿವೃದ್ಧಿಯೆಂದು ಕರೆಯುವ ಆರ್ಥಿಕ ಬೆಳವಣಿಗೆಯಿಂದ ಅದು ತಾನಾಗಿಯೇ ಒದಗಿಬರುವುದೇ, ಬಾರದಿದ್ದರೆ ಬೇರೆ ದಾರಿ ಯಾವುದು ಎಂಬುದೇ ಆ ವಿಷಯ.

ಶತಮಾನೋತ್ಸವವೆಂದರೆ ನಮ್ಮ ಪವಿತ್ರ ಗ್ರಂಥದ ಲೆಕ್ಕದಲ್ಲಿ ಎರಡು ಜೂಬಿಲಿಗಳು ಕಳೆದಂತೆ. ಯಾಜಕಕಾಂಡದ 25ನೆಯ ಅಧ್ಯಾಯವನ್ನು ತಾವೆಲ್ಲರೂ ಕೇಳಿದ್ದೀರಿ. ಐವತ್ತನೆಯ ವರ್ಷ ಬಂದಾಗ ಮಾರಾಟವಾಗಿದ್ದ ಹೊಲ ಮೂಲ ಕುಟುಂಬಕ್ಕೆ ಮರಳಬೇಕು. ಕೋಟೆಯಿಲ್ಲದ ಹಳ್ಳಿಯ ಮನೆಗಳೂ ಹೊಲಗಳಂತೆಯೇ ಮರಳಬೇಕು. ಏಕೆಂದರೆ ನೆಲ ದೇವರದು, ನಾವು ಅದರ ಮೇಲೆ ಬಿಡಾರ ಹೂಡಿರುವ ಅತಿಥಿಗಳು ಎಂಬುದು ಆ ವಿಧಿಯ ಸಾರ. ಜೂಬಿಲಿಯನ್ನು ನಾವು ಇಂದು ದೀಪಾಲಂಕಾರದಿಂದ, ಮೆರವಣಿಗೆಯಿಂದ, ಸ್ಮರಣ ಸಂಚಿಕೆಯಿಂದ ಆಚರಿಸುತ್ತೇವೆ. ಅದು ತಪ್ಪಲ್ಲ. ಆದರೆ ಅದರ ಮೂಲ ಅರ್ಥ ನೆಲಕ್ಕೂ ಮನೆಗೂ ಸಂಬಂಧಪಟ್ಟದ್ದೆಂಬುದನ್ನು ಮರೆಯಲಾಗದು.

ಈ ಮಾತಿಗೆ ಇಲ್ಲಿಯೇ ಒಂದು ಕಾರಣವಿದೆ. ದೇವಾಲಯಕ್ಕೆ ಸೇರಿದ ರಸ್ತೆಬದಿಯ ಜಾಗವನ್ನು ಏನು ಮಾಡಬೇಕೆಂಬ ಚರ್ಚೆ ಈಚೆಗೆ ನಡೆದಿದೆಯೆಂದು ಕೇಳಿದ್ದೇನೆ. ಮಳಿಗೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರೆ ಧರ್ಮಕೇಂದ್ರದ ಆದಾಯ ಬೆಳೆಯುತ್ತದೆಂಬುದು ಕೆಲವರ ಅಭಿಪ್ರಾಯ. ಅದೇ ವೇಳೆಗೆ ಈ ಧರ್ಮಕೇಂದ್ರದಲ್ಲಿ ಸ್ವಂತ ಸೂರಿಲ್ಲದ ಕುಟುಂಬಗಳೂ ಇವೆ. ನಮ್ಮ ಪೂರ್ವಿಕರಲ್ಲಿ ಬಹುಮಂದಿ ಕೂಲಿ ಅರಸಿ ಘಟ್ಟ ಹತ್ತಿ ಬಂದವರು. ಕಾಫಿ ತೋಟದ ಲೈನುಮನೆಗಳಲ್ಲಿ ಸಂಸಾರ ಹೂಡಿದವರು. 1951ರ ತೋಟ ಕಾರ್ಮಿಕರ ಕಾನೂನು ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹೊರಿಸಿತು. ಅದು ದೊಡ್ಡ ಉಪಕಾರವೇ ಸರಿ. ಆದರೆ ಲೈನುಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ಕೈಯಲ್ಲಿ ಶಕ್ತಿಯಿರುವವರೆಗೆ ಮನೆ; ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ನಲವತ್ತು ವರ್ಷ ಹಣ್ಣು ಕೊಯ್ದ ಹೆಂಗಸು ಅರವತ್ತನೆಯ ವಯಸ್ಸಿನಲ್ಲಿ ತನ್ನ ಪಾತ್ರೆಪಗಡಗಳನ್ನು ಎಲ್ಲಿಗೆ ಒಯ್ಯಬೇಕು? ಇಂದಿನ ನನ್ನ ಮಾತುಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇವೆಯೆಂದು ತಾವು ತಿಳಿಯಬೇಕು.

ಬೆಳವಣಿಗೆ ಎಂಬ ನಂಬಿಕೆ

ದೇಶದ ಸಂಪತ್ತು ಬೆಳೆದರೆ ಎಲ್ಲರಿಗೂ ಮನೆ ದೊರಕುತ್ತದೆಂಬುದು ನಮ್ಮ ಕಾಲದ ಸಾಮಾನ್ಯ ನಂಬಿಕೆ. ತೊಟ್ಟಿ ತುಂಬಿದರೆ ನೀರು ಹೊರಗೆ ಹರಿಯಲೇಬೇಕಲ್ಲವೇ ಎಂಬ ತರ್ಕ ಇದು. ಆದರೆ ತುಂಬುವ ಮುಂಚೆಯೇ ತೊಟ್ಟಿಯನ್ನು ದೊಡ್ಡದು ಮಾಡುತ್ತಾ ಹೋದರೆ? ಸಂತ ಲೂಕರ ಶುಭಸಂದೇಶದಲ್ಲಿ ಬರುವ ಶ್ರೀಮಂತ ರೈತ ಮಾಡಿದ್ದೂ ಇದನ್ನೇ. ಬೆಳೆ ಹುಲುಸಾಗಿ ಬಂದಾಗ ಇದ್ದ ಕಣಜಗಳನ್ನು ಕೆಡವಿ ಇನ್ನೂ ದೊಡ್ಡ ಕಣಜಗಳನ್ನು ಕಟ್ಟಲು ಯೋಚಿಸಿದ. ಅವನ ಯೋಜನೆಯಲ್ಲಿ ನೆರೆಮನೆಯವನ ಹೆಸರು ಎಲ್ಲಿಯೂ ಬರುವುದಿಲ್ಲ. ಅದೇ ರಾತ್ರಿ ಅವನ ಲೆಕ್ಕ ಮುಗಿಯಿತು.

ರಾಷ್ಟ್ರೀಯ ವರಮಾನದ ಲೆಕ್ಕವನ್ನು ಅಮೆರಿಕದಲ್ಲಿ ಕ್ರಮಬದ್ಧವಾಗಿ ರೂಪಿಸಿದವರು ಸೈಮನ್ ಕುಜ್ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞರು. ಒಂದು ರಾಷ್ಟ್ರದ ಕ್ಷೇಮವನ್ನು ಅದರ ವರಮಾನದ ಅಂಕಿಯಿಂದ ಅಳೆಯಲಾಗದೆಂಬ ಎಚ್ಚರಿಕೆಯನ್ನು 1934ರಲ್ಲಿಯೇ, ಅವರು ತಮ್ಮ ವರದಿಯಲ್ಲಿಯೇ ಕೊಟ್ಟಿದ್ದರು. ಲೆಕ್ಕವನ್ನು ಲೋಕವೆಲ್ಲ ಸ್ವೀಕರಿಸಿತು, ಎಚ್ಚರಿಕೆಯನ್ನು ಬದಿಗಿಟ್ಟಿತು. ಜನ ವಾಸಿಸುವ ಮನೆಯನ್ನು ಕಟ್ಟಿದರೂ, ಬೀಗ ಹಾಕಿಡಲು ಮನೆಯನ್ನು ಕಟ್ಟಿದರೂ ಆ ಲೆಕ್ಕದಲ್ಲಿ ಎರಡೂ ಒಂದೇ.

ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. ಕೇಂದ್ರ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿಯೊಂದು 2012ರಲ್ಲಿ ಭಾರತದ ಪಟ್ಟಣಗಳಲ್ಲಿನ ವಸತಿಯ ಕೊರತೆಯನ್ನು ಸುಮಾರು 1 ಕೋಟಿ 88 ಲಕ್ಷ ಮನೆಗಳೆಂದು ಅಂದಾಜು ಮಾಡಿತು. ಅದಕ್ಕೆ ಒಂದು ವರ್ಷ ಮುಂಚೆ, 2011ರ ಜನಗಣತಿಯಲ್ಲಿ, ಅದೇ ಪಟ್ಟಣಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ಒಂದು ಕಡೆ ಜನರಿಗೆ ಮನೆಯಿಲ್ಲ, ಇನ್ನೊಂದು ಕಡೆ ಮನೆಗಳಿಗೆ ಜನವಿಲ್ಲ. ಇದು ಇಟ್ಟಿಗೆ ಸಿಮೆಂಟುಗಳ ಅಭಾವದಿಂದ ಆದ ಕೊರತೆಯಲ್ಲ. ಆ ಕಾಲದಲ್ಲಿ ದೇಶದ ಆರ್ಥಿಕ ಬೆಳವಣಿಗೆಯೇನೂ ಮಂದವಾಗಿರಲಿಲ್ಲ.

ಇದಕ್ಕೆ ಕಾರಣವೇನು? ಮನೆ ಎಂಬುದು ವಾಸಸ್ಥಾನವಾಗಿರುವುದರ ಜೊತೆಗೆ ಹಣ ಹೂಡುವ ವಸ್ತುವಾಗಿದೆ. ಒಂದು ಸೈಟಿನ ಬೆಲೆ ಹತ್ತು ವರ್ಷಗಳಲ್ಲಿ ಮೂರು ಪಟ್ಟಾದರೆ ಅದರ ಒಡೆಯ ಬೆಳೆದನೆಂದು ಹೇಳುತ್ತೇವೆ. ಆದರೆ ಆ ಸೈಟು ಒಂದು ಅಂಗುಲವೂ ಬೆಳೆದಿಲ್ಲ, ಅದರಲ್ಲಿ ಒಂದು ಹಿಡಿ ರಾಗಿಯೂ ಹುಟ್ಟಿಲ್ಲ. ಬೆಳೆದದ್ದು ನಾಳೆ ಅಲ್ಲಿ ಮನೆ ಕಟ್ಟಬೇಕಾದವನ ಹೊರೆ ಮಾತ್ರ. ಆದ್ದರಿಂದ ಬಡವನ ಸೂರಿನ ವಿಷಯದಲ್ಲಿ ಬೆಳವಣಿಗೆ ಕೆಲವೊಮ್ಮೆ ನೆರವಾಗುವುದಿರಲಿ, ಅಡ್ಡಿಯಾಗಿಯೂ ನಿಲ್ಲುತ್ತದೆ.

ಈ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಾಫಿ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಮರವಾಗಿ ಬೆಳೆಯುತ್ತದೆ. ಹಣ್ಣು ಕೈಗೆ ಎಟುಕದಂತಾಗುತ್ತದೆ. ಬಲ್ಲ ಬೆಳೆಗಾರ ಒಂದು ಎತ್ತರಕ್ಕೆ ಬಂದೊಡನೆ ಗಿಡದ ತುದಿಯನ್ನು ಕತ್ತರಿಸುತ್ತಾನೆ. ಗಿಡದ ಮೇಲಿನ ದ್ವೇಷದಿಂದಲ್ಲ, ಫಲ ದೊರಕಲೆಂದು. ಎತ್ತರಕ್ಕೆ ಒಂದು ಮಿತಿಯನ್ನು ಹಾಕಿಕೊಂಡು ಸೂರನ್ನು ಒದಗಿಸಿದ ಎರಡು ನಗರಗಳ ಕಥೆಯನ್ನು ಈಗ ತಮ್ಮ ಮುಂದೆ ಇಡುತ್ತೇನೆ. ಒಂದು ಐನೂರು ವರ್ಷ ಹಳೆಯದು, ಇನ್ನೊಂದು ನೂರು ವರ್ಷ ಹಳೆಯದು.

ಆಗ್ಸ್‌ಬರ್ಗಿನ ಬಡವರ ಕೇರಿ

ದಕ್ಷಿಣ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಫುಗ್ಗರೈ ಎಂಬ ಒಂದು ಕೇರಿ ಇದೆ. ಯಾಕೋಬ್ ಫುಗ್ಗರ್ ಎಂಬ ವರ್ತಕ ತನ್ನ ಹಾಗೂ ತನ್ನ ದಿವಂಗತ ಸಹೋದರರ ಹೆಸರಿನಲ್ಲಿ ಅದನ್ನು ಕಟ್ಟಿಸಿದ. ಕಟ್ಟಡದ ಕೆಲಸ 1516ರಲ್ಲಿ ಆರಂಭವಾಯಿತು. ದತ್ತಿಯ ಪತ್ರ 1521ರಲ್ಲಿ ಆಯಿತು. ಮೊದಲಿಗೆ 52 ಮನೆಗಳಿದ್ದವು, ಇಂದು 67 ಇವೆ. ಅವುಗಳಲ್ಲಿ ಸುಮಾರು 140 ವಾಸದ ಬಿಡಾರಗಳಿದ್ದು ನೂರೈವತ್ತರಷ್ಟು ಮಂದಿ ಈಗಲೂ ನೆಲೆಸಿದ್ದಾರೆ. ಸುತ್ತ ಗೋಡೆ, ರಾತ್ರಿ ಮುಚ್ಚುವ ಬಾಗಿಲು, ಒಳಗೊಂದು ಪುಟ್ಟ ದೇವಾಲಯ.

ಭಿಕ್ಷುಕರಿಗಾಗಿ ಕಟ್ಟಿದ ಛತ್ರ ಇದಲ್ಲ. ದುಡಿದರೂ ಸಾಲದಾದ ಕೂಲಿಯವರು, ಕಸುಬುದಾರರು ಮರ್ಯಾದೆಯಿಂದ ಬದುಕಲೆಂದು ಕಟ್ಟಿದ್ದು. ಆದ್ದರಿಂದ ಪ್ರತಿಯೊಂದು ಬಿಡಾರಕ್ಕೂ ಬೀದಿಯಿಂದ ಪ್ರತ್ಯೇಕ ಬಾಗಿಲು ಇಟ್ಟರು. ಕೆಳಗಿನವರಿಗೆ ಚಿಕ್ಕ ಕೈತೋಟ, ಮೇಲಿನವರಿಗೆ ಅಟ್ಟ. ಬಾಗಿಲ ಬಳಿ ಗಂಟೆ ಎಳೆಯುವ ಕಬ್ಬಿಣದ ಹಿಡಿಗಳ ಆಕಾರ ಒಂದರಂತೆ ಇನ್ನೊಂದಿಲ್ಲ. ಬೀದಿದೀಪಗಳಿಲ್ಲದ ಕಾಲದಲ್ಲಿ ಕೈಯಿಂದ ತಡವಿಯೇ ತನ್ನ ಮನೆಯನ್ನು ಗುರುತಿಸಬಹುದಿತ್ತು. ಬಡವನ ಮನೆಯೂ ಅವನದೇ ಆದ ಗುರುತುಳ್ಳ ಮನೆಯಾಗಿರಬೇಕೆಂಬ ಈ ಅರಿವು, ಒಂದೇ ಅಚ್ಚಿನಲ್ಲಿ ಸಾಲಾಗಿ ಕಟ್ಟುವ ನಮ್ಮ ಲೈನುಮನೆಗಳನ್ನು ಬಲ್ಲವರಿಗೆ ಆಶ್ಚರ್ಯ ತರುವಂತಹುದು.

ಇದಕ್ಕಿಂತ ಆಶ್ಚರ್ಯದ ಸಂಗತಿ ಬಾಡಿಗೆಯದು. ಅಂದು ವರ್ಷಕ್ಕೆ ಒಂದು ರೈನ್ ಗಿಲ್ಡರ್ ಎಂದು ಗೊತ್ತುಮಾಡಿದ ಬಾಡಿಗೆಯನ್ನು ಇಂದಿಗೂ ಏರಿಸಿಲ್ಲ. ಈಗಿನ ನಾಣ್ಯದಲ್ಲಿ ಅದು ವರ್ಷಕ್ಕೆ 88 ಸೆಂಟುಗಳು, ಅಂದರೆ ನಮ್ಮ ನೂರು ರೂಪಾಯಿಯ ಆಸುಪಾಸು. ಬೆಂಕಿಗೂ ಬೆಳಕಿಗೂ ಆಗುವ ಖರ್ಚನ್ನು ವಾಸಿಸುವವರು ಬೇರೆಯಾಗಿ ಕೊಡಬೇಕು. ಅದಲ್ಲದೆ ದಾನಿಯ ಕುಟುಂಬಕ್ಕಾಗಿ ದಿನಕ್ಕೊಮ್ಮೆ ಪ್ರಭು ಕಲಿಸಿದ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸಸಂಗ್ರಹ ಈ ಮೂರನ್ನು ಹೇಳಬೇಕು.

ಮೂವತ್ತು ವರ್ಷಗಳ ಯುದ್ಧದಲ್ಲಿ ಈ ಕೇರಿ ಹಾನಿಗೊಂಡಿತು. 1944ರ ಫೆಬ್ರುವರಿಯ ಬಾಂಬು ದಾಳಿಯಲ್ಲಿ ಬಹುಭಾಗ ನೆಲಸಮವಾಯಿತು. ಮತ್ತೆ ಕಟ್ಟಿದರು, ಬಾಡಿಗೆಯನ್ನು ಮಾತ್ರ ಏರಿಸಲಿಲ್ಲ. ಹಾಗಾದರೆ ರಿಪೇರಿಗೆ ಹಣವೆಲ್ಲಿಂದ? ದತ್ತಿಗೆ ಸೇರಿದ ಕಾಡುಗಳ ಮರದ ಆದಾಯದಿಂದ, ಈಗೀಗ ಕೇರಿಯನ್ನು ನೋಡಲು ಬರುವ ಪ್ರವಾಸಿಗಳ ಪ್ರವೇಶಶುಲ್ಕದಿಂದ. ಬಡ್ಡಿಯ ಹಣವನ್ನೇ ನಂಬಿದ್ದ ಎಷ್ಟೋ ದತ್ತಿಗಳು 1923ರಲ್ಲಿ ಜರ್ಮನಿಯ ನಾಣ್ಯ ಕುಸಿದಾಗ ಬರಿಗೈಯಾದವು. ಕಾಡು ಹಾಗಲ್ಲ, ಬೆಳೆದಷ್ಟನ್ನೇ ಕಡಿದು, ಕಡಿದಷ್ಟನ್ನು ನೆಟ್ಟರೆ ತಲೆಮಾರುಗಳವರೆಗೆ ನಡೆಯುತ್ತದೆ.

ಈ ಯಾಕೋಬ್ ಫುಗ್ಗರ್ ಸಂತನೇನೂ ಆಗಿರಲಿಲ್ಲ. ತನ್ನ ಕಾಲದ ಯುರೋಪಿನ ಅತಿ ದೊಡ್ಡ ಲೇವಾದೇವಿಗಾರರಲ್ಲಿ ಅವನೊಬ್ಬ. 1519ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಿ ಚುನಾಯಿತನಾಗಲು ಖರ್ಚಾದ ಸುಮಾರು 8.5 ಲಕ್ಷ ಗಿಲ್ಡರುಗಳಲ್ಲಿ 5.4 ಲಕ್ಷಕ್ಕೂ ಹೆಚ್ಚನ್ನು ಒದಗಿಸಿದವನು ಇವನೇ. ಧರ್ಮಸಭೆಯನ್ನು ಒಡೆದ ಪಾಪದಂಡ ವಿಮೋಚನಾ ಪತ್ರಗಳ ಹಣದ ವ್ಯವಹಾರದಲ್ಲಿಯೂ ಅವನ ಸಂಸ್ಥೆಯ ಕೈಯಿತ್ತು. ಅಷ್ಟೇ ಅಲ್ಲ, ಈ ಕಥೆಗೆ ನಮ್ಮ ಕರಾವಳಿಯ ಸಂಬಂಧವೂ ಉಂಟು. 1505ರಲ್ಲಿ ಪೋರ್ಚುಗೀಸರ ಫ್ರಾನ್ಸಿಸ್ಕೊ ದ ಅಲ್ಮೇಡ ಹಡಗುಪಡೆಯೊಡನೆ ಬಂದು ಕಾರವಾರದ ಬಳಿಯ ಅಂಜುದೀವ್‌ನಲ್ಲಿ ಕೋಟೆ ಕಟ್ಟಿದ, ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟ. ಆ ಪಡೆಯಲ್ಲಿ ಹಣ ಹೂಡಿದ್ದ ಜರ್ಮನ್ ವರ್ತಕರ ಕೂಟದಲ್ಲಿ ಫುಗ್ಗರ್ ಮನೆತನವೂ ಸೇರಿತ್ತು. ಅವರಿಗೆ ಬೇಕಾಗಿದ್ದದ್ದು ಮೆಣಸು. ಆ ಲಾಭದ ಒಂದು ಕಾಸಾದರೂ ಆ ಬಡವರ ಕೇರಿಯ ಗೋಡೆಗಳಲ್ಲಿ ಇರಲಾರದೇ ಎಂದು ಘಟ್ಟದ ಮೆಣಸನ್ನು ಬೆಳೆಯುವ ನಾವು ಕೇಳಬಹುದು.

ಇದನ್ನೇಕೆ ಹೇಳಿದೆನೆಂದರೆ, ಒಂದು ಒಳ್ಳೆಯ ದಾನ ಅದರ ಹಿಂದಿನ ಅನ್ಯಾಯವನ್ನು ತೊಳೆದುಬಿಡುವುದಿಲ್ಲ. ದಾನಕ್ಕೆ ಇನ್ನೊಂದು ಮಿತಿಯೂ ಇದೆ. ಐನೂರು ವರ್ಷಗಳ ಈ ಅದ್ಭುತದಲ್ಲಿ ಇಂದು ನೆಲೆಸಿರುವವರು ನೂರೈವತ್ತು ಜನ. ಕ್ಯಾಥೊಲಿಕರಲ್ಲದ ಬಡವರಿಗೆ ಅಲ್ಲಿ ಎಡೆಯಿಲ್ಲ. ಒಬ್ಬ ಧನಿಕನ ಮನಸ್ಸು ಕರಗುವವರೆಗೆ ಇಡೀ ಒಂದು ಊರಿನ ಬಡವರು ಕಾಯುತ್ತಾ ಕೂರಲಾದೀತೇ?

ವಿಯೆನ್ನಾ ನಗರದ ಪ್ರಯೋಗ

ಕಾಯುವುದಿಲ್ಲವೆಂದು ತೀರ್ಮಾನಿಸಿದ ನಗರ ಆಸ್ಟ್ರಿಯದ ರಾಜಧಾನಿ ವಿಯೆನ್ನಾ. ಒಂದನೆಯ ಮಹಾಯುದ್ಧದಲ್ಲಿ ಆಸ್ಟ್ರಿಯ ಸೋತಿತ್ತು, ಸಾಮ್ರಾಜ್ಯ ಚೂರಾಗಿತ್ತು, ನಾಣ್ಯ ಕಾಗದಕ್ಕೆ ಸಮನಾಗಿತ್ತು. ನಗರದ ಕೆಲಸಗಾರರ ವಸತಿಯ ಸ್ಥಿತಿ ಮೊದಲಿನಿಂದಲೂ ಶೋಚನೀಯ. ನೀರಿನ ನಲ್ಲಿ, ಕಕ್ಕಸು ಎರಡೂ ಓಣಿಯಲ್ಲಿ, ಅನೇಕ ಮನೆಗಳಿಗೆ ಸೇರಿ ಒಂದು. ಮನೆಯ ಬಾಡಿಗೆ ತೆರಲಾರದ ಕುಟುಂಬಗಳು ತಮ್ಮ ಹಾಸಿಗೆಯನ್ನೇ ಗಂಟೆಗಳ ಲೆಕ್ಕದಲ್ಲಿ ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಿದ್ದವು. ರಾತ್ರಿಪಾಳಿಯವನು ಹಗಲು ಬಂದು ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದ. ಕ್ಷಯರೋಗವನ್ನು ವಿಯೆನ್ನಾದ ಕಾಯಿಲೆಯೆಂದೇ ಜನ ಕರೆಯುತ್ತಿದ್ದರು.

ಇಂತಹ ನಗರದಲ್ಲಿ 1919ರ ಚುನಾವಣೆಯಲ್ಲಿ ಸಮಾಜವಾದಿಗಳು ಅಧಿಕಾರಕ್ಕೆ ಬಂದರು. ಹಣಕಾಸಿನ ಹೊಣೆ ಹೊತ್ತಿದ್ದ ಹ್ಯೂಗೋ ಬ್ರೈಟ್ನರ್ ಎಂಬವರು 1923ರಲ್ಲಿ ಗೃಹನಿರ್ಮಾಣ ತೆರಿಗೆಯೊಂದನ್ನು ಜಾರಿಗೆ ತಂದರು. ಸಣ್ಣ ಮನೆಗೆ ತೀರ ಅಲ್ಪ, ಮಹಲಿಗೆ ಅತಿ ಹೆಚ್ಚು ಎಂಬುದು ಅದರ ಕ್ರಮ. ಅತ್ಯಂತ ಬೆಲೆಬಾಳುವ ಅರ್ಧ ಶೇಕಡದಷ್ಟು ಮನೆಗಳಿಂದಲೇ ಆ ತೆರಿಗೆಯ ಶೇಕಡ 45ರಷ್ಟು ಹಣ ಬಂದಿತು. ಆ ಹಣದಿಂದ ನಗರಸಭೆ ನೆಲವನ್ನು ಕೊಂಡು, ತಾನೇ ಕಟ್ಟಿಸಿ, ತಾನೇ ಬಾಡಿಗೆಗೆ ಕೊಟ್ಟಿತು. ಬಾಡಿಗೆಯನ್ನು ಲಾಭಕ್ಕೆ ಕಟ್ಟಲಿಲ್ಲ. ನಿರ್ವಹಣೆಗೆ ಎಷ್ಟು ಬೇಕೋ ಅಷ್ಟಕ್ಕೆ ಕಟ್ಟಿದರು. 1934ರೊಳಗೆ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳಾದವು. 1930ರಲ್ಲಿ ತೆರೆದ ಒಂದು ವಸತಿ ಸಮುಚ್ಚಯ ಒಂದು ಕಿಲೋಮೀಟರಿಗೂ ಉದ್ದವಾಗಿದ್ದು ಅದರಲ್ಲಿ 1,382 ಮನೆಗಳಿದ್ದವು. ನೆಲದ ಐದನೆಯ ಒಂದು ಭಾಗದಷ್ಟನ್ನು ಮಾತ್ರ ಕಟ್ಟಡಕ್ಕೆ ಬಳಸಿ ಉಳಿದುದನ್ನು ಅಂಗಳಕ್ಕೂ ಹಸಿರಿಗೂ ಬಿಟ್ಟರು. ಬಟ್ಟೆ ಒಗೆಯುವ ಸ್ಥಳ, ಸ್ನಾನಗೃಹ, ಶಿಶುವಿಹಾರ, ವಾಚನಾಲಯಗಳೂ ಅಲ್ಲಿದ್ದವು.

ಈ ಸಮುಚ್ಚಯಕ್ಕೆ ಇಟ್ಟ ಹೆಸರು ಕಾರ್ಲ್ ಮಾರ್ಕ್ಸ್ ಹೋಫ್. ಹೆಸರನ್ನು ಕೇಳಿ ಕೆಲವರು ಹುಬ್ಬೇರಿಸಿದ್ದನ್ನು ನಾನು ಇಲ್ಲಿಂದಲೇ ಕಾಣುತ್ತಿದ್ದೇನೆ. ಅಂದಿನ ಆಸ್ಟ್ರಿಯದ ಧರ್ಮಸಭೆಯವರೂ ಹುಬ್ಬೇರಿಸಿದರು. ಅಲ್ಲಿನ ಸಮಾಜವಾದಿಗಳು ಧರ್ಮಸಭೆಯ ವಿರೋಧಿಗಳಾಗಿದ್ದದ್ದೂ ನಿಜ. ಅವರ ಎದುರಾಳಿ ಪಕ್ಷದ ನಾಯಕರಾಗಿ, ಎರಡು ಬಾರಿ ದೇಶದ ಚಾನ್ಸೆಲರ್ ಆಗಿದ್ದ ಇಗ್ನಾಟ್ಸ್ ಸೈಪೆಲ್ ಅವರು ಸ್ವತಃ ಒಬ್ಬ ಗುರುಗಳು. 1934ರ ಫೆಬ್ರುವರಿಯ ಅಂತರ್ಯುದ್ಧದಲ್ಲಿ, ಕ್ರೈಸ್ತ ಹೆಸರನ್ನು ಧರಿಸಿದ್ದ ಪಕ್ಷದ ಸರ್ಕಾರ ಈ ಕೆಲಸಗಾರರ ಮನೆಗಳ ಮೇಲೆ ಫಿರಂಗಿ ಹಾರಿಸಿತು. ಅದು ನಮ್ಮ ಇತಿಹಾಸದ ನೋವಿನ ಪುಟ. ದೇವರ ಹೆಸರನ್ನೇ ಹೇಳದವರು ಬಡವನಿಗೆ ಮನೆ ಕಟ್ಟಿದರು. ದೇವರ ಹೆಸರನ್ನು ಹೇಳುವವರು ಅದರ ಗೋಡೆಗೆ ಗುಂಡು ಹೊಡೆದರು. ತಂದೆಯ ಮಾತಿಗೆ ಒಲ್ಲೆನೆಂದು ಹೇಳಿಯೂ ತೋಟಕ್ಕೆ ಹೋದ ಮಗ, ಹೋಗುತ್ತೇನೆಂದು ಹೇಳಿ ಹೋಗದ ಮಗ, ಈ ಇಬ್ಬರ ಸಾಮತಿಯನ್ನು ಪ್ರಭು ಯೇಸು ನಮಗಾಗಿಯೇ ಹೇಳಿದಂತಿದೆ.

ಆದರೆ ಮನೆಗಳು ಉಳಿದವು. ಇಂದು ಇಪ್ಪತ್ತು ಲಕ್ಷದಷ್ಟು ಜನಸಂಖ್ಯೆಯ ಆ ನಗರದಲ್ಲಿ ನಗರಸಭೆಗೆ ಸೇರಿದ ಮನೆಗಳೇ ಸುಮಾರು 2 ಲಕ್ಷ 20 ಸಾವಿರ. ಇವಲ್ಲದೆ ಲಾಭಕ್ಕೆ ಮಿತಿ ಹಾಕಿಕೊಂಡ ಗೃಹನಿರ್ಮಾಣ ಸಂಘಗಳ ಸುಮಾರು 2 ಲಕ್ಷ ಮನೆಗಳಿವೆ. ಮನೆಗೆ ಎಷ್ಟು ಖರ್ಚಾಯಿತೋ ಅಷ್ಟರ ಮೇಲೆ ಬಾಡಿಗೆ, ಉಳಿತಾಯವಾದರೆ ಅದನ್ನು ಮತ್ತೆ ಮನೆಗಳಿಗೇ ಹಾಕಬೇಕು ಎಂಬುದು ಆ ಸಂಘಗಳಿಗೆ ಕಾನೂನು ವಿಧಿಸಿರುವ ಕಟ್ಟಳೆ. ನಗರದ ಅರ್ಧದಷ್ಟು ಜನ ಇಂತಹ ಮನೆಗಳಲ್ಲಿದ್ದಾರೆ. ಕೊರತೆಗಳೂ ಇಲ್ಲದಿಲ್ಲ. ಹೊಸದಾಗಿ ನಗರಕ್ಕೆ ಬಂದವನಿಗೆ ಕೂಡಲೇ ಇವು ದೊರಕುವುದಿಲ್ಲ, ಎರಡು ವರ್ಷ ಅಲ್ಲಿ ನೆಲೆಸಿರಬೇಕು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಿಯೆನ್ನಾ ಶ್ರೀಮಂತವಾದ ಮೇಲೆ ಮನೆ ಕಟ್ಟಲಿಲ್ಲ. ಸೋತು, ಹಸಿದು, ದಿವಾಳಿಯೆದ್ದಿದ್ದಾಗ ಕಟ್ಟಲು ತೊಡಗಿತು. ಆಗ್ಸ್‌ಬರ್ಗಿನ ಕೇರಿಗೂ ವಿಯೆನ್ನಾದ ಸಮುಚ್ಚಯಕ್ಕೂ ಮತದಲ್ಲಿ, ಕಾಲದಲ್ಲಿ, ಉದ್ದೇಶದಲ್ಲಿ ಅಜಗಜಾಂತರವಿದ್ದರೂ ಎರಡು ವಿಷಯಗಳಲ್ಲಿ ಅವು ಒಂದೇ. ಮನೆಯ ಕೆಳಗಿನ ನೆಲವನ್ನು ಮಾರುಕಟ್ಟೆಯಿಂದ ಹೊರಗಿಟ್ಟರು. ಬಾಡಿಗೆಯನ್ನು ಲಾಭದ ಆಸೆಗೆ ಕಟ್ಟದೆ ಅಗತ್ಯಕ್ಕೆ ಕಟ್ಟಿದರು. ಬಡವನ ಸೂರು ದೇಶದ ಬೆಳವಣಿಗೆಗಾಗಿ ಕಾಯಬೇಕಾಗಿಲ್ಲ. ನೆಲದ ಮೇಲಿನ ಆಸೆಯನ್ನು ತಡೆಹಿಡಿದರೆ ಬಡತನದ ನಡುವೆಯೂ ಅದನ್ನು ಕಟ್ಟಬಹುದು. ನನ್ನ ಮಾತಿನ ತಿರುಳು ಇಷ್ಟೇ.

ಸಾಕು ಎಂಬ ಮಾತು

ಇದು ಹೊಸ ವಿಚಾರವೇನೂ ಅಲ್ಲ. ನಮ್ಮವರೇ ಆದ ಕ್ರೈಸ್ತ ಚಿಂತಕ ಜೆ. ಸಿ. ಕುಮಾರಪ್ಪನವರು, ಗಾಂಧೀಜಿಯ ಜೊತೆಗಾರರು, 1940ರ ದಶಕದಲ್ಲಿ ಸೆರೆಮನೆಯಲ್ಲಿದ್ದಾಗ ಶಾಶ್ವತವಾಗಿ ಬಾಳುವ ಅರ್ಥವ್ಯವಸ್ಥೆಯನ್ನು ಕುರಿತು ಪುಸ್ತಕವನ್ನೇ ಬರೆದರು. ನಿಸರ್ಗದ ಗಂಟನ್ನು ಕರಗಿಸಿ ಬದುಕುವುದು ಒಂದು ರೀತಿ, ಅದು ಮತ್ತೆ ಮತ್ತೆ ಕೊಡುವುದನ್ನಷ್ಟೇ ಪಡೆದು ಬದುಕುವುದು ಇನ್ನೊಂದು ರೀತಿ ಎಂದು ಅವರು ವಿಂಗಡಿಸಿದರು. 1971ರಲ್ಲಿ ಕ್ಯಾಥೊಲಿಕ್ ಧರ್ಮಸಭೆಯನ್ನು ಸೇರಿದ ಅರ್ಥಶಾಸ್ತ್ರಜ್ಞ ಶೂಮಾಕರ್ ಅವರು ಚಿಕ್ಕದೇ ಚೆನ್ನ ಎಂದು ವಾದಿಸುವ ತಮ್ಮ ಪ್ರಸಿದ್ಧ ಗ್ರಂಥವನ್ನು 1973ರಲ್ಲಿ ಹೊರತಂದರು. ಆರನೆಯ ಪೌಲ್ ಜಗದ್ಗುರುಗಳು 1967ರ ತಮ್ಮ ವಿಶ್ವಪತ್ರದಲ್ಲಿ ಅಭಿವೃದ್ಧಿಯೆಂದರೆ ಕೇವಲ ಆರ್ಥಿಕ ಬೆಳವಣಿಗೆಯಲ್ಲ, ಇಡೀ ಮನುಷ್ಯನ, ಎಲ್ಲ ಮನುಷ್ಯರ ಏಳಿಗೆ ಎಂದು ಬೋಧಿಸಿದರು. ವಿಶ್ವಸಂಸ್ಥೆ ವಸತಿಹೀನರ ವರ್ಷವೆಂದು ಘೋಷಿಸಿದ್ದ 1987ರಲ್ಲಿ ನ್ಯಾಯ ಹಾಗೂ ಶಾಂತಿಯ ಪೋಪ್ ಆಯೋಗವು ವಸತಿ ಮನುಷ್ಯನ ಮೂಲಭೂತ ಹಕ್ಕೆಂದು ಸ್ಪಷ್ಟಪಡಿಸಿತು. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲೋಕದ ಕೆಲವು ಭಾಗಗಳು ತಮ್ಮ ಬೆಳವಣಿಗೆಯನ್ನು ತಗ್ಗಿಸಿಕೊಳ್ಳುವ ಕಾಲ ಬಂದಿದೆ, ಆಗ ಮಾತ್ರ ಉಳಿದ ಭಾಗಗಳು ಆರೋಗ್ಯಕರವಾಗಿ ಬೆಳೆದಾವು ಎಂದರು.

ಈ ಕೊನೆಯ ಮಾತಿನಲ್ಲಿ ಎಚ್ಚರವೂ ಇದೆ. ಶೌಚಾಲಯವಿಲ್ಲದವನಿಗೆ ಬೆಳವಣಿಗೆ ಬೇಡವೆಂದು ಬೋಧಿಸುವುದು ಕ್ರೌರ್ಯ. ಅವನ ಗೋಡೆ ಬೆಳೆಯಬೇಕು, ಅವನ ಮಗಳ ಓದು ಬೆಳೆಯಬೇಕು. ತಗ್ಗಬೇಕಾದದ್ದು ಎರಡನೆಯ ಮನೆಯ ಮೇಲೆ ಮೂರನೆಯ ಮನೆಯನ್ನು ಕೂಡಿಡುವ ಹಂಬಲ. ಮನೆಗೆ ಮನೆ ಸೇರಿಸುತ್ತಾ, ಹೊಲಕ್ಕೆ ಹೊಲ ಕೂಡಿಸುತ್ತಾ ಹೋಗಿ ಕೊನೆಗೆ ನಾಡಿನಲ್ಲಿ ತಾವೊಬ್ಬರೇ ಉಳಿಯುವವರ ಗತಿಯನ್ನು ಪ್ರವಾದಿ ಯೆಶಾಯನು ಎಂದೋ ಸಾರಿದ್ದಾನೆ.

ನಮ್ಮ ಕನ್ನಡದಲ್ಲಿ ಸಾಕು ಎಂಬ ಒಂದು ಶಬ್ದವಿದೆ. ಇಷ್ಟಕ್ಕೆ ತೃಪ್ತಿ ಎಂಬುದು ಅದರ ಒಂದು ಅರ್ಥ. ಪೋಷಿಸು, ಸಲಹು ಎಂಬುದು ಇನ್ನೊಂದು ಅರ್ಥ. ತನಗೆ ಸಾಕೆಂದವನು ಮಾತ್ರ ಇನ್ನೊಬ್ಬರನ್ನು ಸಾಕಬಲ್ಲನೆಂದು ನಮ್ಮ ಭಾಷೆಯೇ ನಮಗೆ ಹೇಳಿಕೊಡುವಂತಿದೆ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕೇಳುವುದೂ ಅಂದಂದಿನ ಅನ್ನವನ್ನೇ ಹೊರತು ಕಣಜವನ್ನಲ್ಲ.

ನಮ್ಮ ಮುಂದಿರುವ ಕೆಲಸ

ಈಗ ರಸ್ತೆಬದಿಯ ಜಾಗಕ್ಕೆ ಬರೋಣ. ಮಳಿಗೆ ಬೇಡವೆಂದು ನಾನು ಹೇಳುವುದಿಲ್ಲ. ದೇವಾಲಯದ ಸುಣ್ಣಬಣ್ಣಕ್ಕೆ, ಶಾಲೆಯ ಮಕ್ಕಳ ಶುಲ್ಕಕ್ಕೆ ಹಣ ಬೇಕು. ಆದರೆ ಆಗ್ಸ್‌ಬರ್ಗಿನ ಕಾಡನ್ನು ನೆನೆಯಿರಿ. ಆದಾಯ ತರುವ ಆಸ್ತಿಯೊಂದು, ಅದರಿಂದ ಬದುಕುವ ಮನೆಗಳು ಹಲವು. ಮುಂದೆ ನಾಲ್ಕು ಮಳಿಗೆ, ಹಿಂದೆ ಹತ್ತು ಮನೆ ಎಂದಾದರೆ ಮಳಿಗೆಗಳ ಬಾಡಿಗೆಯಿಂದ ಮನೆಗಳ ಹೆಂಚು, ಗೋಡೆ, ಬಾವಿಗಳ ದುರಸ್ತಿ ನಡೆಯಬಲ್ಲುದು. ಮಳಿಗೆಯ ಬಾಡಿಗೆ ಮಾರುಕಟ್ಟೆಯಂತೆ ಏರಲಿ. ಮನೆಯ ಬಾಡಿಗೆ ಏರದಿರಲಿ.

ಆ ಮನೆಗಳು ಯಾರಿಗೆ? ಲೈನುಮನೆ ಬಿಟ್ಟು ಬರಬೇಕಾದ ಮುದುಕರಿಗೆ, ವಿಧವೆಯರಿಗೆ, ದುಡಿದೂ ಬಾಡಿಗೆ ಕಟ್ಟಲಾರದ ಸಂಸಾರಗಳಿಗೆ. ಅವರು ಯಾವ ಮತದವರೆಂದು ಕೇಳಬಾರದು. ಸದಸ್ಯನ ದೀಕ್ಷಾಸ್ನಾನದ ದಾಖಲೆಯನ್ನು ನೋಡಿ ಸೂರು ಕೊಟ್ಟ ಫುಗ್ಗರನ ನಿಯಮವನ್ನು ನಾವು ಅನುಸರಿಸಬೇಕಾಗಿಲ್ಲ. ಗಾಯಗೊಂಡವನ ಜಾತಿ ಕೇಳದೆ ಛತ್ರಕ್ಕೆ ಒಯ್ದ ಸಮಾರಿಯನನ್ನು ಅನುಸರಿಸೋಣ. ಜೀವವಿರುವವರೆಗೆ ಅವರನ್ನು ಎಬ್ಬಿಸುವುದಿಲ್ಲವೆಂದು ಬರಹದಲ್ಲಿ ಕೊಡಬೇಕು. ನಿರ್ವಹಣೆಯ ಸಮಿತಿಯಲ್ಲಿ ಅಲ್ಲಿ ವಾಸಿಸುವವರೂ ಇರಬೇಕು, ಅವರಲ್ಲಿ ಹೆಂಗಸರು ಇರಬೇಕು.

ಕೆಲವರು ಕೇಳಬಹುದು: ಬಡವನಿಗೆ ಬಾಡಿಗೆಯ ಮನೆಯೇಕೆ, ಸ್ವಂತದ ಹಕ್ಕುಪತ್ರ ಬೇಡವೇ? ಬೇಕು. ತಲೆತಲಾಂತರದಿಂದ ಗೇಣು ನೆಲವೂ ದಕ್ಕದವರಿಗೆ ಹಕ್ಕುಪತ್ರವೆಂಬುದು ಕಾಗದವಲ್ಲ, ಮಾನ. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ್ದನ್ನು ಕಂಡ ನಾಡು ನಮ್ಮದು. ಆದರೆ ಆ ಕಾನೂನಿನ ಫಲ ದೊರೆತದ್ದು ಗೇಣಿಗೆ ಹೊಲ ಮಾಡುತ್ತಿದ್ದವನಿಗೆ. ತೋಟದ ಕೂಲಿಗೆ ಬಿಡಿಸಿಕೊಳ್ಳಲು ಗೇಣಿಯೇ ಇರಲಿಲ್ಲ. ಸರ್ಕಾರದ ಯೋಜನೆಗಳಲ್ಲಿ ಸೈಟಿಗಾಗಿ ಅರ್ಜಿ ಹಾಕುವವರಿಗೆ ನಮ್ಮ ಸಂತ ವಿನ್ಸೆಂಟ್ ದ ಪಾವ್ಲರ ಸಭೆಯವರು ನೆರವಾಗಲಿ. ಸೈಟು ಬರುವವರೆಗೆ, ಬಾರದೇ ಹೋದವರಿಗೆ ಕೊನೆಯವರೆಗೆ, ನೆಲೆ ಬೇಡವೇ?

ಖರ್ಚಿನ ಮಾತು. ಇಂಗ್ಲೆಂಡಿನಲ್ಲಿ ಹುಟ್ಟಿ, ಕೇರಳದಲ್ಲಿ ನೆಲೆಸಿ 2007ರಲ್ಲಿ ನಿಧನರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು, ಮನೆಯ ಸಾಮಗ್ರಿಯೆಲ್ಲ ಐದು ಮೈಲಿಯೊಳಗೆ ದೊರಕುವಂತಿರಬೇಕೆಂಬ ಗಾಂಧೀಜಿಯ ಮಾತನ್ನು ಜೀವನವಿಡೀ ಪಾಲಿಸಿದರು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಅವರ ಗೋಡೆಗೆ ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಮನೆ ತಂಪಾಗಿಯೂ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಗ್ರಾಮೀಣ ತಂತ್ರಜ್ಞಾನದ ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ತಯಾರಿಸುವ, ಸುಡಬೇಕಾಗಿಲ್ಲದ ಇಟ್ಟಿಗೆಯನ್ನು ಬಳಕೆಗೆ ತಂದಿದೆ. ಮಣ್ಣು, ಕಲ್ಲು, ಕೈಕೆಲಸ ಬಲ್ಲ ಯುವಕರು ಮೂರೂ ನಮ್ಮಲ್ಲಿದ್ದಾರೆ. ಮನೆ ಕಟ್ಟಿ ನೋಡು ಎಂಬ ಗಾದೆ ಒಂಟಿಯಾಗಿ ಕಟ್ಟುವವನನ್ನು ಕುರಿತದ್ದು. ಊರೆಲ್ಲ ಕೈಹಾಕಿದರೆ ಅದು ಹಬ್ಬವಾಗುತ್ತದೆ.

ದೇವಾಲಯದ ನೆಲದ ವಿಷಯದಲ್ಲಿ ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಏನನ್ನೂ ಮಾಡಲಾಗದು. ಆದ್ದರಿಂದ ತೀರ್ಮಾನ ತಮ್ಮದೂ ಅವರದೂ. ಆದರೆ ಶತಮಾನೋತ್ಸವದ ವರ್ಷ ಮುಗಿಯುವ ಮುನ್ನ ಸಮಿತಿಯು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಸೂರಿಲ್ಲದ ಕುಟುಂಬಗಳ ಪಟ್ಟಿಯೊಂದನ್ನಾದರೂ ಸಿದ್ಧಪಡಿಸಲೆಂದು ವಿನಯದಿಂದ ಕೇಳಿಕೊಳ್ಳುತ್ತೇನೆ. ಮಳಿಗೆಯ ನಕ್ಷೆಯನ್ನು ನೋಡುವಾಗ ಆ ಪಟ್ಟಿಯೂ ಮೇಜಿನ ಮೇಲಿರಲಿ.

ಛತ್ರದಲ್ಲಿ ಎಡೆ ಸಿಗದ ರಾತ್ರಿಯಲ್ಲಿ ಹುಟ್ಟಿದ, ತಲೆಯಿಡಲು ಸ್ಥಳವಿಲ್ಲವೆಂದು ತಾನೇ ಹೇಳಿಕೊಂಡ ಪ್ರಭುವಿಗೆ ನಾವು ನೂರು ವರ್ಷಗಳ ಹಿಂದೆ ಇಲ್ಲಿ ಒಂದು ಆಲಯವನ್ನು ಕಟ್ಟಿದೆವು. ಎರಡನೆಯ ಶತಮಾನದ ಮೊದಲ ಕೆಲಸವಾಗಿ ಆತನ ಬಡ ಸಹೋದರ ಸಹೋದರಿಯರಿಗೆ ಹತ್ತು ಬಾಗಿಲುಗಳನ್ನು ತೆರೆಯುವ ಶಕ್ತಿಯನ್ನು, ಅದಕ್ಕಿಂತ ಮೊದಲು ಮನಸ್ಸನ್ನು, ದೇವರು ನಮಗೆ ಕರುಣಿಸಲಿ.